ಜಾಲರಿ ತೆಗೆದ ಮೇಲೆ

ನಮ್ಮ ಮೇಲಿನ ಮನೆಯ ಹೆಂಗಸಿಗೆ ಮೈಕಮ್ಮ ಎಂದು ಹೆಸರಿಟ್ಟವನು ನಾನೇ. ವಾರವಿಡೀ ದರ್ಜಿ ಅಂಗಡಿಯಲ್ಲಿ ತುಟಿ ಬಿಚ್ಚದೆ ಕಾಜಾ ಹೊಲಿಯುವವಳು, ಮನೆಗೆ ಬಂದು ಹಾಲಿನವನ ಹತ್ತಿರ ಮಾತಾಡಿದರೆ ಬೀದಿಯ ಆ ತುದಿಗೆ ಕೇಳಬೇಕು. ಒಂಟಿ ಜೀವ, ಹತ್ತು ಜನರ ಸಂಸಾರದಷ್ಟು ಗದ್ದಲ. ನನಗೋ ರಜೆಯ ಮಧ್ಯಾಹ್ನ ಒಂದು ಕೋಳಿನಿದ್ದೆ ಬೇಕೇ ಬೇಕು. ಒಮ್ಮೆ ರೇಗಿಹೋಗಿ ಕೇಳಿಯೇಬಿಟ್ಟೆ: “ಏನಮ್ಮ, ನಾವೇನು ಕಿವುಡರಾ?”

“ಜೈಲಿಗೆ ಹೋಗಿ ಹೋಗಿ ಅಂಟಿಕೊಂಡಿದ್ದು ಅಣ್ಣ,” ಎಂದಳು.

ಅವಳ ತಮ್ಮ ಜೈಲಿನಲ್ಲಿದ್ದ. ಗೋದಾಮಿಗೆ ಬೆಂಕಿಯಿಟ್ಟ, ಒಳಗಿದ್ದ ಕಾವಲುಗಾರ ಸತ್ತ ಎಂದು ಜೀವಾವಧಿ ಶಿಕ್ಷೆ. ಭೇಟಿಯ ಕೋಣೆಯಲ್ಲಿ ಎರಡು ಕಬ್ಬಿಣದ ಜಾಲರಿ, ನಡುವೆ ವಾರ್ಡರ್ ಓಡಾಡುವಷ್ಟು ಜಾಗ. ಈಚೆ ಹತ್ತಾರು ಸಂಸಾರ, ಆಚೆ ಹತ್ತಾರು ಕೈದಿಗಳು. ಎಲ್ಲರೂ ಒಟ್ಟಿಗೇ ಕಿರುಚಬೇಕು. “ಊಟ ಮಾಡಿದ್ಯಾ?” “ಮಾಡ್ದೆ!” “ಕೆಮ್ಮು?” “ಹೋಯ್ತು!” ಹೊರಡುವಾಗ ಪ್ರತಿ ಸಲವೂ ಅವನು ಕೂಗುತ್ತಿದ್ದುದು ಒಂದೇ: “ನಾನು ಮಾಡಿಲ್ಲ ಅಕ್ಕಾ!”

ಆ ಮಾತನ್ನು ಎದೆಗವಚಿಕೊಂಡೇ ಅವಳು ಬದುಕಿದಳು. ಅನುಮಾನಪಟ್ಟ ಚಿಕ್ಕಪ್ಪನ ಮನೆಗೆ ಮತ್ತೆ ಕಾಲಿಡಲಿಲ್ಲ. “ಕೋರ್ಟೇ ಹೇಳಿದೆಯಲ್ಲೇ” ಎಂದ ಒಡಹುಟ್ಟಿದ ಅಕ್ಕನ ಮುಖ ನೋಡಲಿಲ್ಲ. ನಿಶ್ಚಯವಾಗಿದ್ದ ಗಂಡನ್ನೂ ಇದೇ ಕಾರಣಕ್ಕೆ ಬಾಗಿಲಿಂದಲೇ ಸಾಗಹಾಕಿದಳು. ಕೊನೆಗೆ ಉಳಿದವನು ಜಾಲರಿಯಾಚೆಯ ತಮ್ಮನೊಬ್ಬನೇ.

ಈ ವರ್ಷ ಹೊಸ ಕಾನೂನು ಬಂತು. ತಾತಂದಿರ ಕಾಲದಲ್ಲಿ ಕಾಲಿಗೆ ಸರಪಳಿ, ಅಪ್ಪಂದಿರ ಕಾಲದಿಂದ ಜಾಲರಿ. ಕೈದಿಯೂ ಮನುಷ್ಯ ಎಂಬುದು ಮೇಲಿನವರ ತಲೆಗೆ ಅಷ್ಟು ನಿಧಾನವಾಗಿ ಹತ್ತಿತು. ಜಾಲರಿ ಕಿತ್ತು ಮೇಜು, ಕುರ್ಚಿ ಹಾಕಿದರು. ಮೈಕಮ್ಮ ಸಂಭ್ರಮದಿಂದ ಹೋದಳು. ಎದುರಿಗೇ ಕೂತ ತಮ್ಮನನ್ನು “ಊಟ ಮಾಡಿದ್ಯಾ?” ಎಂದು ಹಿಂದಿನ ಹಾಗೇ ಕಿರುಚಿ ಕೇಳಿದಳು. ಕೋಣೆಗೆ ಕೋಣೆಯೇ ತಿರುಗಿ ನೋಡಿತಂತೆ. ಅವನು ನಗಲಿಲ್ಲ. ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದ: “ನಾನೇ ಹಚ್ಚಿದ್ದು ಅಕ್ಕ. ಒಳಗೆ ಅವನಿದ್ದದ್ದು ಗೊತ್ತಿರ್ಲಿಲ್ಲ. ಅಷ್ಟು ಜನರ ಮಧ್ಯೆ ಇದನ್ನ ಹೇಗೆ ಕೂಗ್ಲಿ?”

ಅಂದಿನಿಂದ ಮೇಲಿನ ಮನೆಯಲ್ಲಿ ಸದ್ದಿಲ್ಲ. ಅಡ್ಡಿಯಿಲ್ಲದಿದ್ದರೂ ನನಗೆ ನಿದ್ದೆ ಹತ್ತಲಿಲ್ಲ. ತಡೆಯಲಾರದೆ ಒಂದು ಸಂಜೆ ಮೆಟ್ಟಿಲು ಹತ್ತಿದೆ. ದೀಪ ಹಾಕದೆ ಕೂತಿದ್ದಳು. ಜೈಲಿನಲ್ಲಿ ನಡೆದದ್ದನ್ನೆಲ್ಲ ಅವಳು ನನಗೆ ಹೇಳಿದ್ದು ಆ ಸಂಜೆಯೇ, ನಾನು ಬಾಗಿ ಕಿವಿಗೊಡಬೇಕಾದಷ್ಟು ಸಣ್ಣ ದನಿಯಲ್ಲಿ.

“ಯಾರ ಹತ್ರ ಹೋಗಿ ಅಳ್ಲಿ ಅಣ್ಣ? ಎಲ್ರನ್ನೂ ನಾನೇ ದೂರ ಮಾಡ್ಕೊಂಡೆ.”

ಬೇರೇನೂ ತೋಚದೆ, “ಬರೋ ತಿಂಗಳಿಂದ ಫೋನಲ್ಲೇ ಮುಖ ನೋಡಿ ಮಾತಾಡ್ಬಹುದಂತೆ. ಅಷ್ಟು ದೂರ ಹೋಗೋದೇ ಬೇಡ. ಸಾಕು ಅನ್ನಿಸಿದ್ರೆ ಕಟ್ ಮಾಡ್ಬಿಡು,” ಎಂದೆ. ಅವಳು ತಲೆಯಾಡಿಸಿದಳು. ಒಪ್ಪಿದಳೆಂದೇ ತಿಳಿದೆ.

ಮುಂದಿನ ಭೇಟಿಯ ದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಬಾಗಿಲು ತೆರೆದರೆ, ಅವಳ ಕೈಯಲ್ಲಿ ಯಾವಾಗಲೂ ಜೈಲಿಗೆ ಒಯ್ಯುವ ಚೀಲ.

“ಇನ್ನೂ ಯಾಕಮ್ಮ ಹೋಗ್ತೀಯ?”

“ಮಾಡ್ದೇ ಇರೋನನ್ನ ಇಷ್ಟು ವರ್ಷ ನೋಡ್ದೆ,” ಎಂದಳು. “ಮಾಡಿರೋನನ್ನ ಒಂದೇ ಸಲ ನೋಡಿರೋದು ಅಣ್ಣ.”

ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ನಡೆದಳು.