ಆನೆ ಯಾರದು?

ನಮ್ಮ ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಹರಟೆ ಹೊಡೆದು ಹೊಡೆದು, ತುಟಿ ಅಲ್ಲಾಡಿಸದೆ ಸ್ಪಷ್ಟವಾಗಿ ಮಾತಾಡುವ ವಿದ್ಯೆ ಅವಳಿಗೆ ಒಲಿದಿತ್ತು. ಇಂಥವಳನ್ನು ನಾಟಕದವರು ಬಿಡುತ್ತಾರೆಯೇ? ಹಗಲು ಹೊಲಿಗೆ ಮಷಿನ್ನು, ಸಂಜೆ ನಮ್ಮಪ್ಪನ ನಾಟಕ ತಂಡದಲ್ಲಿ ಪ್ರಾಂಪ್ಟರ್. ಪಕ್ಕದ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು, ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ಅವಳ ಕೆಲಸ.

ಮರೆಯದವರು ಯಾರಿದ್ದರು ಹೇಳಿ! ಮಂತ್ರಿ ಮರೆಯುತ್ತಿದ್ದ, ಒಂದೇ ಮಾತಿದ್ದ ಕಾವಲುಗಾರನೂ ಮರೆಯುತ್ತಿದ್ದ. ಎಲ್ಲರಿಗಿಂತ ಹೆಚ್ಚು ಮರೆಯುತ್ತಿದ್ದವರು ಅಪ್ಪ. ನಿರ್ದೇಶಕರೂ ಅವರೇ, ರಾಜನೂ ಅವರೇ. "ತಲೆ ಓಡಿಸ್ಬೇಡ್ರೋ, ಕೇಳಿಸಿದ್ದನ್ನ ಹೇಳಿ" ಎಂಬುದು ಅವರು ಕಲಿಸಿದ ಒಂದೇ ಪಾಠ. ಒಮ್ಮೆ ಚಿಕ್ಕಮ್ಮ ಪರದೆಯ ಹಿಂದೆ "ಅಯ್ಯೋ, ಹಾಳು ಸೊಳ್ಳೆ" ಅಂದದ್ದನ್ನೂ, ಸಾಯುತ್ತಿದ್ದ ರಾಜ ಗದ್ಗದ ಕಂಠದಲ್ಲಿ ಹೇಳಿಬಿಟ್ಟರು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು.

ಇಂಥ ಅಪ್ಪನಿಗೆ ಸಂಸ್ಕೃತಿಯ ಚಿಂತೆ. ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ "ಎಲ್ಲಾ ಮುಳುಗಿಹೋಯ್ತು" ಎಂದು ಘೋಷಿಸುತ್ತಿದ್ದರು. ಕಾಫಿ ಆರಿದ್ದರೆ ಅದೂ ನಾಗರಿಕತೆಯ ಪತನವೇ. ಆದರೆ ಆ ವರ್ಷದ್ದು ಬರೀ ಗೊಣಗಾಟವಾಗಿರಲಿಲ್ಲ. ನಾಟಕಕ್ಕೆ ಜನಕ್ಕಿಂತ ಖಾಲಿ ಕುರ್ಚಿಗಳೇ ಹೆಚ್ಚಾಗಿ ಬರತೊಡಗಿದ್ದವು.

"ಇದೇ ಕೊನೇ ನಾಟಕ," ಎಂದರು ಅಪ್ಪ. "ಮುಗಿದ್ಮೇಲೆ ನಾನೇ ಸ್ಟೇಜ್ ಮೇಲೆ ನಿಂತು, ತಂಡ ಮುಚ್ತಿದೀವಿ ಅಂತ ಹೇಳ್ಬಿಡ್ತೀನಿ. ಯಾರಿಗೆ ಬೇಕಮ್ಮಾ ಈಗ ನಾಟಕ?"

"ನಂಗೆ ಬೇಕು, ಭಾವ."

ಇಷ್ಟು ಹೇಳಲು ಚಿಕ್ಕಮ್ಮ ಪಿನ್ನುಗಳನ್ನು ಬಾಯಿಂದ ತೆಗೆದಿದ್ದಳು. ಆ ಸ್ಟೂಲೂ ಹೋದರೆ ಅವಳಿಗೆ ಉಳಿಯುವುದು ಕಂಡವರ ಪ್ಯಾಂಟಿನ ಜಿಪ್ಪುಗಳು ಮಾತ್ರ. ಅಪ್ಪ ಮಾತ್ರ ಮುಖ ತಿರುಗಿಸಿಕೊಂಡು ಕಿರೀಟ ಒರೆಸತೊಡಗಿದರು.

ಆ ಕೊನೇ ನಾಟಕವೂ ಮುಗಿಯಿತು. ಅಪ್ಪ ಕಿರೀಟ ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದರು. "ಮಹನೀಯರೇ, ಇಂದು ಬಹಳ..." ಎಂದವರು ಅಲ್ಲಿಗೇ ನಿಂತರು. ದುಃಖವೋ, ಎಂದಿನ ಮರೆವೋ, ದೇವರಿಗೇ ಗೊತ್ತು. ಬಾಯಿ ತೆರೆದೇ ಇತ್ತು.

"ಬಹಳ ಸಂತೋಷದಿಂದ," ಎಂದಿತು ಪರದೆ.

"ಬಹಳ ಸಂತೋಷದಿಂದ!" ಎಂದರು ಅಪ್ಪ.

"ತಿಳಿಸುವುದೇನೆಂದರೆ..."

"ತಿಳಿಸುವುದೇನೆಂದರೆ!"

"ಮುಂದಿನ ತಿಂಗಳು ಹೊಸ ನಾಟಕ."

"ಮುಂದಿನ ತಿಂಗಳು ಹೊಸ ನಾಟಕ!" ಅಪ್ಪ ಕೈಯನ್ನೂ ಎತ್ತಿದರು. ಮಾಡಿದ್ದುಣ್ಣೋ ಮಹಾರಾಯ! ಮುಂದಿನ ಸಾಲಿನಲ್ಲಿದ್ದ ನಾನು ನಗು ತಡೆಯಲಾರದೆ ಕುರ್ಚಿಯಿಂದ ಜಾರಿದೆ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು, ಇದ್ದ ನಾಲ್ಕು ಜನವೇ ನಾನೂರು ಜನರ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಅಪ್ಪನನ್ನು ಹಿಡಿಯುವವರುಂಟೇ? ಹಾಡಿರುತ್ತದೆ ಎಂದರು, ಯುದ್ಧವಿರುತ್ತದೆ ಎಂದರು, ರಾಜ ಆನೆಯ ಮೇಲೇ ಬರುತ್ತಾನೆ ಎಂದರು. ಪಾತ್ರ ಬೇಕಾದವರು ನಾಳೆಯೇ ಬನ್ನಿ, ಮಾತು ಬಾಯಿಪಾಠ ಬರಲೇಬೇಕೆಂದಿಲ್ಲ ಎಂದೂ ಸೇರಿಸಿದರು.

ಪರದೆ ಬಿದ್ದದ್ದೇ ಅಪ್ಪ ಧುಮುಗುಟ್ಟುತ್ತಾ ಚಿಕ್ಕಮ್ಮನ ಬಳಿ ಹೋದರು, ನಾನೂ ಒಳಗೆ ಓಡಿದೆ.

"ನನ್ನ ಬಾಯಲ್ಲಿ ಏನೇನ್ ಹೇಳಿಸ್ಬಿಟ್ಟೆ! ಈಗ ಆನೆ ಎಲ್ಲಿಂದ ತರ್ಲಿ?"

"ಹೊಸ ನಾಟಕ ಅನ್ನೋವರೆಗೆ ನಂದು, ಭಾವ. ಆನೆ ನಿಮ್ದೇ."

ಅಪ್ಪ ಕಂಕುಳಲ್ಲಿದ್ದ ಕಿರೀಟವನ್ನು ಮತ್ತೆ ತಲೆಗೇರಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಒಂದು ಆನೆ ಹೊಲಿಯೋಕೆ ಎಷ್ಟು ಬಟ್ಟೆ ಬೇಕಾಗುತ್ತೆ?"