ಪಂಚಶೀಲಾಳಿಗೆ ಉಡಿ ತುಂಬಿದ್ದು

ಈಗ ನರೋಣಾದ ಹುಡುಗಿಯರು ಬೆಳಗಿನ ಬಸ್ಸಿಗೆ ಹಿಂಡುಹಿಂಡಾಗಿ ಕಾಲೇಜಿಗೆ ಹೊರಡುತ್ತಾರೆ. ಅದನ್ನು ಕಂಡರೆ ಮುದುಕ ಭಗವಂತ ಮುಖ ತಿರುಗಿಸಿಕೊಳ್ಳುತ್ತಾನೆ. ಇವನ ಮಗಳು ಪಂಚಶೀಲಾ ಹತ್ತನೆಯದು ಪಾಸಾದ ಕಾಲದಲ್ಲಿ ಇಂಥ ಬಸ್ಸೆಲ್ಲಿದ್ದವು? ಓದಬೇಕೆಂದರೆ ಗುಲ್ಬರ್ಗಾದಲ್ಲೇ ಇರಬೇಕು. ಹಾಸ್ಟೆಲ್ಲಿನವರು ಜಾಗವಿಲ್ಲ ಎಂದುಬಿಟ್ಟರು.

ಕೂಲಿಯವನಿಗೆ ಮಗಳನ್ನು ಡಾಕ್ಟರು ಮಾಡುವ ಹುಚ್ಚೇ ಎಂದು ಊರೆಲ್ಲ ನಕ್ಕಿತು. ನಗುವವರ ಮುಂದೆ ಎಡವಿ ಬೀಳಬಾರದೆಂದು ಭಗವಂತ ಗುಲ್ಬರ್ಗಾದಲ್ಲಿ ಮನೆ ಮಾಡಿದ್ದ ಹೆಂಡತಿಯ ಅಣ್ಣ ಸೂರ್ಯಕಾಂತನ ಬಾಗಿಲಿಗೆ ಹೋದ.

“ಭಾವಾ, ಹುಡುಗಿ ಒಂದು ಮೂಲ್ಯಾಗ ಇರ್ತಾಳ್ರಿ. ಕಾಲೇಜು ಮುಗಿಯೋತನ ಇಟ್ಕೋರಿ.”

“ತಂಗಿ ಮಗಳಿಗೆ ಇಲ್ಲಂತೇನೇನು? ಕರ್ಕೊಂಡು ಬಾ.”

ಮಗಳನ್ನು ಬಿಡಲು ಹೋದ ದಿನ ಆ ಮನೆಯಲ್ಲಿ ನಾಲ್ಕು ಮಂದಿ ಹಿರಿಯರು ಕೂತಿದ್ದರು. ಸೂರ್ಯಕಾಂತನ ಹೆಂಡತಿ ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಹಸಿರು ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬುವುದು ವಾಡಿಕೆಯೇ. ಆದರೆ ಹಿರಿಯರ ಎದುರು ಮದುವೆಯಾಗದವಳಿಗೆ ತುಂಬಿದರೆ ಅದು ಆ ಮನೆಗೆ ಸೊಸೆಯೆಂದು ಮದುವೆ ನಿಶ್ಚಯ. ಜೊತೆಗೆ ಬಂದಿದ್ದ ಭಗವಂತನ ಹೆಂಡತಿ ಚಂದಮ್ಮ ಗಂಡನ ತೋಳು ಚಿವುಟಿದಳು.

“ಹಿರ್ಯಾರ್ನ ಯಾಕ ಕೂಡಿಸ್ಯಾರ? ಕೇಳ್ರಿ.”

“ಸುಮ್ನಿರಬೇ. ಈಗ ಕೇಳಿದ್ರ ಸಿಟ್ಟಾಗಿ ವಾಪಸ್ ಕಳಿಸ್ತಾರ.”

ಮುಂದೆ ನೋಡಿಕೊಂಡರಾಯಿತು ಎಂದುಕೊಂಡ ಪುಣ್ಯಾತ್ಮ. ಥೂ, ಎಂಥ ಶಾಣ್ಯಾತನ!

ವರ್ಷ ಕಳೆಯುವುದರೊಳಗೆ ಮದುವೆಯ ದಿನ ಗೊತ್ತಾಗಿದೆ ಎಂದು ಸುದ್ದಿ ಬಂತು. ಗಂಡು ಯಾರು? ಸೂರ್ಯಕಾಂತನ ಮಗ ಗುರುನಾಥ, ಒಂಬತ್ತನೆಯದರಲ್ಲೇ ಶಾಲೆಗೆ ಶರಣು ಹೊಡೆದು ಲಾರಿ ಕ್ಲೀನರ್ ಆದವನು. ಭಗವಂತ ಎದ್ದುಬಿದ್ದು ಗುಲ್ಬರ್ಗಾಕ್ಕೆ ಓಡಿದ. ಅಲ್ಲಿ ಅದೇ ಹಿರಿಯರನ್ನು ಕರೆಸಿ ಕೂಡಿಸಿದ್ದರು.

“ಭಾವಾ, ಓದು ಮುಗೀಲ್ರಿ. ಕೈ ಮುಗೀತೇನಿ.”

“ಉಡಿ ತುಂಬುವಾಗ ಬಾಯಾಗ ಏನಿಟ್ಕೊಂಡಿದ್ದಿ?” ಎಂದ ಸೂರ್ಯಕಾಂತ. “ಈಗ ಮಾತು ಮುರದ್ರ ಈ ಹುಡುಗೀನ ಯಾರು ಮಾಡ್ಕೋತಾರ, ನೋಡೇಬಿಡ್ತೇನಿ.”

ಹಿರಿಯರು ಹೌದ್ಹೌದು ಎಂದು ತಲೆಯಾಡಿಸಿದರು. ಪಂಚಶೀಲಾ ಒಳಗಿನಿಂದ ಎಲ್ಲ ಕೇಳುತ್ತಿದ್ದಳು. ಅಳಲಿಲ್ಲ. ಪುಸ್ತಕಗಳನ್ನು ಕಟ್ಟಿ ತಂದು ಅಪ್ಪನ ಕೈಗಿಟ್ಟಳು.

“ಊರಾಗ ಯಾರರ ಹುಡುಗಿ ಓದಾಕಿ ಇದ್ರ ಕೊಡಪಾ. ಆಕಿ ಅಪ್ಪಗ ಒಂದು ಮಾತು ಹೇಳು, ಕೇಳೋ ಹೊತ್ತಿನ್ಯಾಗ ಕೇಳಂತ.”

ಭಗವಂತ ಸೂರ್ಯಕಾಂತನ ಮುಖ ನೋಡಿದ, ಹಿರಿಯರ ಮುಖ ನೋಡಿದ. ಆಮೇಲೆ ಪುಸ್ತಕದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮಗಳನ್ನು ಅಲ್ಲೇ ಬಿಟ್ಟು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.