ಅಕ್ಕೋರು ಕಾಟು ಹೊಡೆದ ಸಾಲು

ಅಕ್ಕೋರ ಬಲಗೈ ಹೆಬ್ಬೆರಳಿಗೆ ಸದಾ ನೀಲಿ ಶಾಯಿ ಮೆತ್ತಿರುತ್ತಿತ್ತು. ಪೆನ್ನು ಸೋರುತ್ತಿತ್ತು, ಹೊಸದನ್ನು ಕೊಳ್ಳಲು ಮಾತ್ರ ಅವರಿಗೆ ಪುರಸೊತ್ತಿರಲಿಲ್ಲ. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿಗೆ ಬಂದವರು. ಯಾರಾದರೂ "ಭಾಳ ಛಲೋ ಸೇವಾ ಮಾಡ್ತೀರಿ" ಅಂದರೆ ಸಿಡುಕುತ್ತಿದ್ದರು.

"ಸೇವಾ ಅಲ್ಲರಿ, ಕೆಲಸ. ಕಲತು ಮಾಡೋ ಕೆಲಸ. ದಾನ ಕೊಡೋರು ಮೊದಲಿಂದ ಅದಾರ. ಕೇಳಿ ಮಾಡೋರು ನಾವು ಈಗೀಗ ಬಂದೇವಿ."

ಪೋಲಿಯೊದಿಂದ ನನ್ನ ಕಾಲುಗಳು ಸೋತಿದ್ದವು. ಏಳನೆಯ ವರ್ಗ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಒಂದು ದಿನ ಅಕ್ಕೋರು ಬಂದು, ಮಗ್ಗದಲ್ಲಿದ್ದ ಅಪ್ಪನೊಂದಿಗೆ ಮಾತಾಡಿ ವಹಿಯಲ್ಲಿ ಬರೆದುಕೊಂಡರು. ಯಾರ ಬಗ್ಗೆ ಬರೆದರೋ ಅವರಿಗೇ ಅದನ್ನು ಓದಿ ಹೇಳುವುದು ಅವರ ರೂಢಿ. ನೆಲಕ್ಕೆ ಕೂತು ನನಗೆ ಓದಿದರು: "ಹುಡುಗಿ ಹೊಲಿಗೆ ಕಲಿಯಲು ಒಪ್ಪಿದ್ದಾಳೆ. ಊರ ವರ್ತಕರ ಸಂಘದವರು ಹೊಲಿಗೆಯ ಕೈಮಷೀನು ದಾನ ಕೊಡುತ್ತಾರೆ."

"ನಾ ಒಪ್ಪಿಲ್ಲರಿ. ನಾ ಸಾಲಿಗಿ ಹೋಗ್ತೇನಿ."

ಅಪ್ಪನ ಮಗ್ಗ ನಿಂತಿತು. ಅಕ್ಕೋರು ವಹಿಯಲ್ಲಿನ ಆ ಸಾಲಿಗೆ ಅಡ್ಡಗೆರೆ ಎಳೆದು ಕಾಟು ಹೊಡೆದರು. "ತಪ್ಪು ನಂದವ್ವಾ. ನಿನ್ನ ಕೇಳಲಾರದ ಬರದುಬಿಟ್ಟೆ."

ಸುದ್ದಿ ತಿಳಿದು ವರ್ತಕರ ಮುಖಂಡರು ಕೆರಳಿದರು. "ಕೊಟ್ಟಿದ್ದನ್ನ ಬ್ಯಾಡ ಅಂತಾಳೇನ್ರಿ?"

"ಕೊಡೋದು ನಿಮ್ಮ ದೊಡ್ಡಸ್ತಿಕಿ. ಬ್ಯಾಡ ಅನ್ನೋದು ಆಕಿ ಹಕ್ಕು."

ಹೈಸ್ಕೂಲಿನ ಹೆಡ್‌ಮಾಸ್ತರರದು ಇನ್ನೊಂದು ತಕರಾರು. "ಎಂಟನೇ ವರ್ಗ ಮಾಳಿಗಿ ಮ್ಯಾಲ ಐತ್ರಿ. ಹುಡುಗಿ ಹ್ಯಾಂಗ ಹತ್ತತಾಳ?"

"ಆಕಿ ಹತ್ತೋದು ಬ್ಯಾಡರಿ. ವರ್ಗಾನ ಕೆಳಗ ಇಳಸ್ರಿ."

ಅವರು ಇಳಿಸಲಿಲ್ಲ. ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ತಂದು ಬಿಡುತ್ತಿದ್ದ. ಮೂರು ದಿನ ನಾನೂ ಅಕ್ಕೋರೂ ಕೆಳಗಿನ ಮೆಟ್ಟಿಲ ಮೇಲೆ ಕೂತೆವು, ಅವರು ಅಲ್ಲಿಯೇ ನನಗೆ ಗಣಿತ ಹೇಳಿಕೊಟ್ಟರು. ಹೋಗಿಬರುವ ಪಾಲಕರೆಲ್ಲ ನಿಂತು ಇದೇನೆಂದು ಕೇಳತೊಡಗಿದರು. ನಾಲ್ಕನೆಯ ದಿನ ಹಳೆಯ ಬೆಂಚು ತುಂಬಿದ್ದ ಕೆಳಗಿನ ಕೋಣೆ ಖಾಲಿಯಾಯಿತು, ಎಂಟನೆಯ ವರ್ಗ ಇಳಿದು ಬಂತು. ನನಗೆ ಆ ದಿನ ಆದ ಸೊಕ್ಕು ಇನ್ನೂ ಇಳಿದಿಲ್ಲ.

ಮುಂದೆ ನಾನೂ ಸಮಾಜಕಾರ್ಯವನ್ನೇ ಓದಿದೆ, ಬಾದಾಮಿ, ಹುನಗುಂದದ ಊರೂರು ತಿರುಗಿದೆ. ಮೊನ್ನೆ ಅಕ್ಕೋರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಸಹಿಗೆಂದು ಒಂದು ಹಾಳೆ ನನ್ನ ಕೈಗೆ ಬಂತು: "ಅವರ ನಿಸ್ವಾರ್ಥ ಸೇವೆಯನ್ನು ಸ್ಮರಿಸುತ್ತೇವೆ."

"ಇದನ್ನ ಅಕ್ಕೋರಿಗಿ ಓದಿ ಹೇಳಿದ್ರೇನ್ರಿ?" ಎಂದೆ. "ಸೇವೆ"ಗೆ ಕಾಟು ಹೊಡೆದು, ಮೇಲೆ "ಕೆಲಸ" ಎಂದು ಬರೆದೆ. ಆಮೇಲೆ ಊರುಗೋಲು ಊರಿ ಎದ್ದು, ಎಲ್ಲರಿಗೂ ಕೇಳುವಂತೆ ಓದಿ ಹೇಳಿದೆ.